ಕೆಡವಿ ಕಟ್ಟುವ ಕೋಣೆ

ನಮ್ಮ ಕಂಪ್ಯೂಟರಿನಲ್ಲಿ ಸಲೀಸಾಗಿ ಕಂಪೈಲ್ ಆದ ಪ್ರೋಗ್ರಾಮು ಬೇರೆಯವರ ಕೈಗೆ ಹೋದೊಡನೆ ಅರ್ಧದಲ್ಲೇ ನಿಂತುಬಿಡುತ್ತದೆ. ಎಂದೋ ಯಾವುದಕ್ಕೋ ಹಾಕಿಕೊಂಡ ಲೈಬ್ರರಿಯೊಂದು ನಮ್ಮಲ್ಲಿ ಕೂತಿರುತ್ತದೆ. ಅದೂ ಬೇಕೆಂದು ಬರೆದಿಡುವುದು ಮರೆತಿರುತ್ತದೆ. ಈ ಮರೆವನ್ನು ಹಿಡಿಯಲು ಡೆಬಿಯನ್ ಲಿನಕ್ಸಿನ ಪ್ಯಾಕೇಜು ತಯಾರಿಸುವವರು ರೂಢಿಸಿಕೊಂಡ ಕುಶಲತೆಯೇ ಸಿಎಚ್‌ರೂಟ್ ಕಟ್ಟುವುದು, ಕೆಡವುವುದು, ಮತ್ತೆ ಕಟ್ಟುವುದು.

ಸಿಎಚ್‌ರೂಟ್ 1979ರ ಏಳನೆಯ ಆವೃತ್ತಿಯ ಯುನಿಕ್ಸ್‌ನಲ್ಲೇ ಇದ್ದ ಸೌಲಭ್ಯ. ಇನ್ನು ಮೇಲೆ ಈ ಡೈರೆಕ್ಟರಿಯೇ ನಿನ್ನ ರೂಟ್ ಎಂದು ಒಂದು ಪ್ರೋಸೆಸ್‌ಗೆ ಹೇಳುವುದಷ್ಟೇ ಅದರ ಕೆಲಸ. ಕರ್ನಲ್ ಹೊರಗಿನದೇ ಆದ್ದರಿಂದ ಬೇರೆ ಯಂತ್ರವನ್ನು ಬೂಟ್ ಮಾಡುವ ತಾಪತ್ರಯವಿಲ್ಲ. ಆದರೆ ಇದನ್ನು ಭದ್ರತೆಯ ಗೋಡೆಯೆಂದು ನಂಬಬಾರದು. ಒಳಗೆ ರೂಟ್ ಅಧಿಕಾರವಿದ್ದವರು ಹೊರಗೆ ಬರಬಲ್ಲರು.

ಆ ಡೈರೆಕ್ಟರಿಯೊಳಗೆ ಪುಟ್ಟ ಡೆಬಿಯನ್ ವ್ಯವಸ್ಥೆಯೊಂದನ್ನು ಕಟ್ಟುವ ಸಲಕರಣೆ ಡಿಬೂಟ್‌ಸ್ಟ್ರ್ಯಾಪ್. ಅದೊಂದು ಶೆಲ್ ಸ್ಕ್ರಿಪ್ಟ್, ಓದಿದಷ್ಟೂ ಮೆಚ್ಚುಗೆ ಹುಟ್ಟಿಸುವಂಥದ್ದು. ಖಾಲಿ ಡೈರೆಕ್ಟರಿಯಲ್ಲಿ ಪ್ಯಾಕೇಜುಗಳನ್ನು ಸ್ಥಾಪಿಸಲು ಡಿಪಿಕೆಜಿ ಎಂಬ ಸಲಕರಣೆ ಬೇಕು, ಆ ಡಿಪಿಕೆಜಿಯೂ ಒಂದು ಪ್ಯಾಕೇಜೇ. ಈ ತೊಡಕನ್ನು ಅದು ಎರಡು ಹಂತದಲ್ಲಿ ಬಿಡಿಸುತ್ತದೆ. ಮೊದಲು ಅಗತ್ಯ ಪ್ಯಾಕೇಜುಗಳನ್ನು ಇಳಿಸಿಕೊಂಡು ಬರಿದೇ ಬಿಚ್ಚಿ ಹರಡುತ್ತದೆ. ಆಮೇಲೆ ಆ ಡೈರೆಕ್ಟರಿಯನ್ನೇ ರೂಟ್ ಮಾಡಿ, ಬಿಚ್ಚಿಟ್ಟ ಡಿಪಿಕೆಜಿಯ ಕೈಯಲ್ಲೇ ಉಳಿದವನ್ನೂ ಡಿಪಿಕೆಜಿಯನ್ನೂ ಕ್ರಮಬದ್ಧವಾಗಿ ಸ್ಥಾಪಿಸುತ್ತದೆ.

ಪಿಬಿಲ್ಡರ್ ಎಂಬ ಸಲಕರಣೆ ಹೀಗೆ ಸಿದ್ಧವಾದ ವ್ಯವಸ್ಥೆಯನ್ನು ಒಂದು ಟಾರ್ ಕಡತವಾಗಿ ಕಟ್ಟಿಡುತ್ತದೆ. ಪ್ರತಿ ಸಲವೂ ಅದನ್ನು ಹೊಸದಾಗಿ ಬಿಚ್ಚಿ, ಪ್ಯಾಕೇಜು ತನಗೆ ಬೇಕೆಂದು ಬರೆದುಕೊಂಡಿರುವ ಅವಲಂಬನೆಗಳನ್ನಷ್ಟೇ ಹಾಕಿ, ಬಿಲ್ಡ್ ಮುಗಿದ ಮೇಲೆ ಎಲ್ಲವನ್ನೂ ಅಳಿಸುತ್ತದೆ. ಪಟ್ಟಿಯಲ್ಲಿ ಹೆಸರಿಲ್ಲದ ಲೈಬ್ರರಿ ಸಾಮಾನ್ಯವಾಗಿ ಅಲ್ಲಿ ಸಿಗುವುದಿಲ್ಲ. ಮರೆತದ್ದು ಆಗಲೇ ಬಯಲಾಗುತ್ತದೆ.

ನನಗೆ ಬಹಳ ಇಷ್ಟವಾದ ಸೂಕ್ಷ್ಮವೊಂದಿದೆ. ಡೇಟಾಬೇಸ್ ಸರ್ವರ್‌ನಂಥ ಪ್ಯಾಕೇಜು ಸ್ಥಾಪನೆಯಾದೊಡನೆ ತನ್ನ ಸೇವೆಯನ್ನು ಶುರುಮಾಡಲು ಹೊರಡುತ್ತದೆ. ಸಿಎಚ್‌ರೂಟಿನ ಒಳಗಿದ್ದರೂ ನೆಟ್‌ವರ್ಕ್ ಹೊರಗಿನದೇ ಆಗಿದ್ದರೆ ಹೊರಗಿನ ಸೇವೆಯೊಡನೆ ಪೋರ್ಟಿಗೆ ಜಗಳ. ಅದಕ್ಕೆ ಪಾಲಿಸಿ-ಆರ್‌ಸಿ.ಡಿ ಎಂಬ ಪುಟ್ಟ ಸ್ಕ್ರಿಪ್ಟ್ ಇಡುತ್ತಾರೆ. ಯಾರು ಕೇಳಿದರೂ ಅದರ ಉತ್ತರ 101, ಎಂದರೆ ಅನುಮತಿ ಇಲ್ಲ. ಸ್ಥಾಪನೆ ಮುಂದುವರಿಯುತ್ತದೆ, ಸೇವೆ ಮಾತ್ರ ಏಳುವುದಿಲ್ಲ.

ಡೆಬಿಯನ್‌ನ ಸಿಡ್ ಶಾಖೆ ಸದಾ ಬದಲಾಗುತ್ತಿರುತ್ತದೆ. ಅದರಿಂದ ಕಟ್ಟಿಟ್ಟ ಸಿಎಚ್‌ರೂಟನ್ನು ಆಗಾಗ ಅಪ್‌ಡೇಟ್ ಮಾಡುತ್ತಿದ್ದರೆ ಕೆಲಕಾಲ ನಡೆಯುತ್ತದೆ. ಆದರೆ ವರ್ಷಗಟ್ಟಲೆ ಅಪ್‌ಡೇಟ್ ಆದ ವ್ಯವಸ್ಥೆಯಲ್ಲಿ ಈಗ ಯಾರಿಗೂ ಬೇಡದ ಹಳೆಯ ಪ್ಯಾಕೇಜುಗಳು ಉಳಿದುಕೊಳ್ಳುತ್ತವೆ. ಯಾವ ಮರೆವನ್ನು ಹಿಡಿಯಲು ಕಟ್ಟಿದ್ದೋ ಅದನ್ನೇ ಅವು ಮುಚ್ಚಿಹಾಕುತ್ತವೆ. ಆಗ ತೇಪೆ ಹಾಕುತ್ತ ಕೂರದೆ ಬುಡದಿಂದ ಕಟ್ಟುವುದೇ ಸರಿ.

ಕೈಯಾರೆ ಕಟ್ಟಿದ್ದನ್ನು ಅಳಿಸುವ ಮುನ್ನ ಒಳಗೆ ಏನೇನು ಮೌಂಟ್ ಆಗಿದೆಯೆಂದು ನೋಡಲೇಬೇಕು. ನಮ್ಮ ಹೋಮ್ ಡೈರೆಕ್ಟರಿಯನ್ನು ಅಲ್ಲಿ ಬೈಂಡ್ ಮೌಂಟ್ ಮಾಡಿ ಮರೆತಿದ್ದರೆ ಅಳಿಸುವ ಆಜ್ಞೆ ಅದರೊಳಗೂ ನುಗ್ಗುತ್ತದೆ. ಬಲ್ಲವರು ಮೊದಲು ಒಂದೊಂದನ್ನೂ ಅನ್‌ಮೌಂಟ್ ಮಾಡಿ, ಮೌಂಟ್ ಪಟ್ಟಿಯನ್ನು ಮತ್ತೊಮ್ಮೆ ಓದಿಕೊಂಡು, ಒಂದೇ ಫೈಲ್ ಸಿಸ್ಟಮ್ಮಿನೊಳಗೆ ಉಳಿಯುವಂಥ ಆಯ್ಕೆ ಕೊಟ್ಟು ಅಳಿಸುತ್ತಾರೆ.