ತೆಂಗಿನ ನೆರಳಲ್ಲಿ ಕನಕಾಂಬರ

ಒಂದು ಮೊಳ ಹೂವು ಕೊಳ್ಳೋಕೂ ಯಜಮಾನರ ಮುಂದೆ ಕೈ ಚಾಚಬೇಕೆ ಎಂದು ನಿಮಗೂ ಎಂದಾದರೂ ಅನ್ನಿಸಿರಬೇಕಲ್ಲವೆ? ನಮ್ಮ ದಬ್ಬೇಘಟ್ಟದ ಕಡೆ ತೆಂಗೇ ಜೀವನ. ಉಂಡೆ ಕೊಬ್ಬರಿ ಆಗಬೇಕಾದರೆ ಕಾಯಿ 10-11 ತಿಂಗಳು ಅಟ್ಟದ ಮೇಲಿರಬೇಕು. ಆ ದುಡ್ಡು ಬಂದರೂ ಸಾಲಕ್ಕೆ, ಮಕ್ಕಳ ಫೀಸಿಗೆ ಅಂತ ಹಂಚಿಹೋಗುತ್ತೆ. ಅದಕ್ಕೇ ನಾನು ಮರಗಳ ನಡುವಿನ ಖಾಲಿ ಜಾಗದಲ್ಲಿ ಕನಕಾಂಬರ ಹಾಕಿದೆ.

ಕನಕಾಂಬರಕ್ಕೆ ಅರೆನೆರಳು ಹಿತ. ಹಾಗಂತ ಎಲ್ಲ ತೋಟಕ್ಕೂ ಆಗಿಬರುವುದಿಲ್ಲ. 7-8 ವರ್ಷದೊಳಗಿನ ಎಳೆ ತೋಟ, ಇಲ್ಲವೆ 25 ವರ್ಷ ದಾಟಿ ಎತ್ತರಕ್ಕೆ ಹೋದ ಮರಗಳ ತೋಟವಾದರೆ ಒಳಗೆ ಬಿಸಿಲು ಬೀಳುತ್ತೆ. ನಡುವಯಸ್ಸಿನ ತೋಟದಲ್ಲಿ ನೆರಳು ಜಾಸ್ತಿ, ಹೂವು ಕಡಿಮೆ. ಮರದ ಬುಡದಿಂದ 6 ಅಡಿ ಬಿಟ್ಟು, ಕೊಟ್ಟಿಗೆ ಗೊಬ್ಬರ ಹಾಕಿ, ಸಾಲಿನಿಂದ ಸಾಲಿಗೆ 2 ಅಡಿ, ಗಿಡದಿಂದ ಗಿಡಕ್ಕೆ ಒಂದೂವರೆ ಅಡಿಯಂತೆ ನೆಡಿ. ನೀರು ನಿಲ್ಲಬಾರದು. ಎರಡು ಮೂರು ತಿಂಗಳಲ್ಲಿ ತೆನೆ ಬಂದು ಹೂವು ಶುರುವಾಗುತ್ತೆ. ದಿನ ಬಿಟ್ಟು ದಿನ ಬೆಳಗ್ಗೆಯೇ ಬಿಡಿಸಿ. ಹೂವು ಬಲು ಹಗುರ. ತೂಕಕ್ಕೆ ಹಾಕುವ ಬದಲು ಕಟ್ಟಿ, ಮಾರಿನ ಲೆಕ್ಕದಲ್ಲಿ ಕೊಟ್ಟರೆ ನಮ್ಮ ಕೈಕೆಲಸಕ್ಕೂ ಕೂಲಿ ದಕ್ಕುತ್ತೆ.

ಡೆಲ್ಲಿ ಕನಕಾಂಬರ ಬೀಜ ಕಟ್ಟುವುದಿಲ್ಲ, ಕಡ್ಡಿ ನೆಟ್ಟೇ ಸಸಿ ಮಾಡಬೇಕು. ಹಾಗಾಗಿ ಸಸಿಗೂ ಗಿರಾಕಿ ಉಂಟು. ನಾನೂ ಆಸೆಪಟ್ಟು ಪ್ಯಾಕೆಟ್ಟುಗಳಲ್ಲಿ ಕಡ್ಡಿ ನೆಟ್ಟು, 2022ರ ಶ್ರಾವಣದಲ್ಲಿ ಅಕ್ಕಪಕ್ಕದವರಿಗೆ ಮಾರಿದೆ. ಮೂರು ತಿಂಗಳಾಗಿರಲಿಲ್ಲ, ಹಿಂದಿನ ಬೀದಿಯ ಹುಡುಗಿಯೊಬ್ಬಳು ಒಂದು ಗಿಡ ಕಿತ್ತು ತಂದು, “ಅಕ್ಕಾ, ನೀರು ಹಾಕಿದರೂ ಸೊರಗ್ತಾ ಇದೆ, ನೋಡಿ” ಅಂದಳು. ಬೇರಿನ ತುಂಬ ರಾಗಿಕಾಳಿನಂಥ ಗಂಟು! ನನ್ನ ಸಾಲಿನ ಗಿಡ ಕಿತ್ತರೆ ಅಲ್ಲೂ ಅದೇ.

ಅದು ಬೇರುಗಂಟು ರೋಗ. ಕಣ್ಣಿಗೆ ಕಾಣದ ದುಂಡುಹುಳು ಬೇರಿನೊಳಗೆ ಸೇರಿ ಗಂಟು ಕಟ್ಟುತ್ತೆ. ಬದನೆ, ಟೊಮೇಟೊಗೂ ಇದೇ ಕಾಟ. ನಾನು ಪ್ಯಾಕೆಟ್ಟಿಗೆ ತುಂಬಿದ್ದು ಬದನೆ ಮಡಿಯ ಮಣ್ಣನ್ನೇ! ದುಡ್ಡು ಕೊಟ್ಟವರ ಮನೆಗೆ ರೋಗವನ್ನೂ ಕಳಿಸಿಕೊಟ್ಟಂತಾಯಿತು. “ಸುಮ್ಮನಿರು, ಯಾರಿಗೆ ಗೊತ್ತಾಗುತ್ತೆ” ಎಂದರು ಮನೆಯವರು. ಮನಸ್ಸು ಒಪ್ಪಲಿಲ್ಲ. ಮನೆಮನೆಗೂ ಹೋಗಿ ವಿಷಯ ಹೇಳಿ, ಹೂವಿನ ದುಡ್ಡಿನಲ್ಲೇ ಹಣ ಹಿಂದಿರುಗಿಸಿದೆ. ಇಬ್ಬರು ಬೈದರು, ಬೈಸಿಕೊಂಡೆ.

ನೀವು ಈ ತಪ್ಪು ಮಾಡಬೇಡಿ. ಸಸಿ ಕೊಳ್ಳುವಾಗ ಒಂದನ್ನಾದರೂ ಬಿಚ್ಚಿ ಬೇರು ನೋಡಿ. ಸಸಿ ಮಾಡುವ ಮಣ್ಣನ್ನು ಬೇಸಗೆಯಲ್ಲಿ ನೆನೆಸಿ, ತೆಳ್ಳಗೆ ಹರಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚಿಗೆ ಮಣ್ಣೊತ್ತಿ 4ರಿಂದ 6 ವಾರ ಬಿಸಿಲಿಗೆ ಬಿಡಿ. ನೆಡುವಾಗ ಬೇವಿನ ಹಿಂಡಿ ಸೇರಿಸಿ. ರೋಗ ಬಂದ ಜಾಗಕ್ಕೆ ಮತ್ತೆ ಕನಕಾಂಬರ ಬೇಡ, ಚೆಂಡುಹೂವು ಹಾಕಿ. ಅದು ಹುಳುವನ್ನು ತಗ್ಗಿಸುತ್ತೆ, ದಸರೆ ದೀಪಾವಳಿಗೆ ದುಡ್ಡೂ ಆಗುತ್ತೆ. ಅನುಮಾನ ಬಂದರೆ ಬೇರುಸಮೇತ ಗಿಡವನ್ನು ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ತೋರಿಸಿ. ನಮ್ಮ ಕಡೆಯವರಿಗೆ ತಿಪಟೂರಿನ ಕೊನೇಹಳ್ಳಿಯಲ್ಲೇ ಇದೆ.

ಬೈದ ಇಬ್ಬರಲ್ಲಿ ಒಬ್ಬರು ಈಗ ನನ್ನಲ್ಲೇ ಸಸಿ ಒಯ್ಯುತ್ತಾರೆ. ಪ್ರತಿ ಸಲವೂ ಒಂದನ್ನು ಬಿಚ್ಚಿ ಬೇರು ನೋಡಿಯೇ ದುಡ್ಡು ಕೊಡುವುದು. ನನಗೂ ಅದೇ ಸಮಾಧಾನ.