ಜೋಕುಮಾರ ಒಯ್ಯುವ ಸುದ್ದಿ

ಗಣೇಶ ಚೌತಿ ಕಳೆಯುತ್ತಿದ್ದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮಣ್ಣಿನ ಜೋಕುಮಾರ ಬುಟ್ಟಿಯಲ್ಲಿ ಕುಳಿತು, ಬೇವಿನ ಸೊಪ್ಪು ಹೊದ್ದು ಮನೆಮನೆಗೆ ಬರುತ್ತಾನೆ. ಹೊತ್ತು ತರುವವರು ಹೆಚ್ಚಾಗಿ ಅಂಬಿಗರ ಹೆಣ್ಣುಮಕ್ಕಳು. ಅವರು ಅಂಗಳದಲ್ಲಿ ಬುಟ್ಟಿ ಇಳಿಸಿ ಹಾಡಿದರೆ ಮನೆಯವರು ಮೊರದಲ್ಲಿ ಜೋಳ ತಂದು ನೀಡುತ್ತಾರೆ. ಜೋಕುಮಾರನ ಆಯುಷ್ಯ ಏಳೇ ದಿನ.

ಜನಪದರ ಕಥೆ ಸ್ವಾರಸ್ಯಕರವಾಗಿದೆ. ಭೂಮಿಗೆ ಬಂದ ಗಣಪ ಕಡುಬು ಉಂಡು ಹೋಗಿ, ಎಲ್ಲರೂ ಸುಖವಾಗಿದ್ದಾರೆಂದು ಶಿವನಿಗೆ ಹೇಳುತ್ತಾನೆ. ಬಡವರ ಕೇರಿ ಸುತ್ತಿದ ಜೋಕುಮಾರ ಮಾತ್ರ ಒಣಗಿದ ಹೊಲದ ಸುದ್ದಿ ಮುಟ್ಟಿಸುತ್ತಾನೆ. ಆಗ ಮಳೆ ಬರುತ್ತದೆ.

ರೋಣ ತಾಲ್ಲೂಕಿನ ಬೆಳವಣಕಿಯಂಥ ಊರುಗಳಿಗೆ ಇದು ಬರೀ ಕಥೆಯಲ್ಲ. ಇದು ಎರೆ ಸೀಮೆ. ಹಿಂಗಾರಿ ಜೋಳ, ಕಡಲೆ, ಕುಸುಬೆಯ ಬಿತ್ತನೆಗೆ ಉತ್ತರಿ, ಹಸ್ತ, ಚಿತ್ತಿ ಮಳೆಗಳೇ ಆಧಾರ. ಆ ಮಳೆಗಳ ಹೊಸ್ತಿಲಲ್ಲೇ ಜೋಕುಮಾರ ಬರುತ್ತಾನೆ.

ಅಮೆರಿಕದ ಮನೋವಿಜ್ಞಾನಿ ಸಿ.ಆರ್. ಸ್ನೈಡರ್ 1990ರ ದಶಕದಲ್ಲಿ ಭರವಸೆಯನ್ನು ಮೂರು ಅಂಶಗಳಲ್ಲಿ ವಿವರಿಸಿದರು: ಒಂದು ಗುರಿ, ಅದಕ್ಕೆ ಹಾದಿ ಕಂಡುಕೊಳ್ಳುವ ಶಕ್ತಿ, ಆ ಹಾದಿಯಲ್ಲಿ ನಡೆಯಬಲ್ಲೆನೆಂಬ ಛಲ. ಇವು ಮುಖ್ಯವಾಗಿ ವ್ಯಕ್ತಿಯ ಮನಸ್ಸಿಗೆ ಸೇರಿದವು. ಆದರೆ ಮಳೆ ಯಾರೊಬ್ಬನ ಕೈಯಲ್ಲೂ ಇಲ್ಲ. ಹೀಗಾಗಿ ಈ ಸೀಮೆಯಲ್ಲಿ ಭರವಸೆ 'ನನ್ನದು' ಎಂಬುದಕ್ಕಿಂತ 'ನಮ್ಮದು' ಎಂಬ ರೂಪ ತಾಳುತ್ತದೆ. ಮಳೆ ಕೈಕೊಟ್ಟಾಗ ಗುರ್ಜಿ ಹೊತ್ತು ತಿರುಗುವುದೂ ಹೀಗೆಯೇ. ಪ್ರತಿ ಮನೆಯವರೂ ನೀರು ಸುರಿದು ಕಾಳು ಕೊಡುತ್ತಾರೆ. ಕೂಡಿದ್ದನ್ನು ಬೇಯಿಸಿ ಎಲ್ಲರೂ ಉಣ್ಣುತ್ತಾರೆ. ಬರ ಒಬ್ಬನದಲ್ಲ ಎಂಬುದು ಮಾತಿಲ್ಲದೆಯೇ ತಿಳಿಯುತ್ತದೆ.

ದೇವರಿಗೆ ಕಷ್ಟ ಹೇಳಿಕೊಳ್ಳುವ ರೈತ ಸರ್ಕಾರಕ್ಕೂ ಹೇಳಬಲ್ಲ. ನೀರಿನ ಕರ, ಬೆಟರ್‌ಮೆಂಟ್ ಲೆವಿ ವಿರೋಧಿಸಿ ಮಲಪ್ರಭಾ ಅಚ್ಚುಕಟ್ಟಿನ ರೈತರು ನೆರೆಯ ನರಗುಂದದಲ್ಲಿ ಸೇರಿದ್ದು 1980ರ ಜುಲೈ 21ರಂದು. ಅಂದು ಗೋಲಿಬಾರ್‌ಗೆ ರೈತರು ಬಲಿಯಾದರು. ಮಹದಾಯಿ ನೀರಿಗಾಗಿ 2015ರ ಜುಲೈನಲ್ಲಿ ಮತ್ತೆ ಅದೇ ಊರಿನಲ್ಲಿ ಧರಣಿ ಶುರುವಾಯಿತು. 'ರೈತ' ಎಂಬ ಗುರುತೇ ಅಲ್ಲಿ ಜನರನ್ನು ಒಂದುಗೂಡಿಸಿತು.

ಆಚರಣೆಯಿಂದ ಸಾಲ ತೀರದು, ಕಾಲುವೆಗೆ ನೀರೂ ಬಾರದು. ಆದರೆ ಸಂಕಟವನ್ನು ಮುಚ್ಚಿಡದೆ ನಾಲ್ಕು ಜನರ ಮುಂದೆ ಹೇಳಿಕೊಳ್ಳಲು ಅದು ದಾರಿ ಮಾಡಿಕೊಡುತ್ತದೆ. ಒಳಗೇ ನುಂಗಿಕೊಂಡ ಸಂಕಟ ರೈತನನ್ನು ಎಲ್ಲಿಗೆ ಒಯ್ಯುತ್ತದೆಂಬುದು ಈ ನಾಡಿಗೆ ಗೊತ್ತಿಲ್ಲದ್ದೇನಲ್ಲ.

ಜೋಕುಮಾರನ ಅಂಬಲಿಯನ್ನು ರೈತರು ಹೊಲಕ್ಕೆ ಚರಗವಾಗಿ ಚೆಲ್ಲುತ್ತಾರೆ. ಆಮೇಲೆ ಕೂರಿಗೆ ಸರಿಪಡಿಸಿಕೊಂಡು ಉತ್ತರಿ ಮಳೆಗೆ ಕಾಯುತ್ತಾರೆ.