ಗಾಜಿನ ದಾರಿ ಯಾರದು?

ಕುಡಿಯುವ ನೀರು, ಬೀದಿಯ ದೀಪ, ರಸ್ತೆ—ಇವುಗಳನ್ನು ಒದಗಿಸುವುದು ನಗರಾಡಳಿತದ ಹೊಣೆಯೆಂದು ನಾವೆಲ್ಲರೂ ಒಪ್ಪುತ್ತೇವೆ. ಇಂಟರ್‌ನೆಟ್ ಸಂಪರ್ಕವನ್ನೂ ಈ ಸಾಲಿಗೆ ಸೇರಿಸಬಹುದೆ?

ಈ ಸಂಪರ್ಕದ ಬೆನ್ನೆಲುಬು ಕೂದಲೆಳೆಯಷ್ಟು ತೆಳುವಾದ ಗಾಜಿನ ತಂತು. ಅದರೊಳಗೆ ಹೊಕ್ಕ ಬೆಳಕು ಹೊರಕ್ಕೆ ಸೋರದೆ, ಒಳಮೈಯಲ್ಲಿ ಮತ್ತೆ ಮತ್ತೆ ಪೂರ್ಣವಾಗಿ ಪ್ರತಿಫಲಿಸುತ್ತ ಮುಂದೆ ಸಾಗುತ್ತದೆ. ಬೆಳಕಿನ ಮಿಣುಕುಗಳೇ ಸಂದೇಶದ ಅಕ್ಷರಗಳು. ತಂತುವಿಗಿಂತಲೂ ಅದನ್ನು ಮನೆಮನೆಗೆ ಮುಟ್ಟಿಸುವ ಕೆಲಸಕ್ಕೆ ತಗಲುವ ವೆಚ್ಚವೇ ಅಧಿಕ. ಒಂದೇ ಬೀದಿಯನ್ನು ನಾಲ್ಕು ಕಂಪನಿಗಳು ನಾಲ್ಕು ಸಲ ಅಗೆದರೆ ಆ ವೆಚ್ಚವೂ ನಾಲ್ಮಡಿಯಾಗುವುದಲ್ಲವೆ?

ಅಮೆರಿಕದ ಟೆನೆಸಿ ರಾಜ್ಯದ ಚಟನೂಗ ನಗರದಲ್ಲಿ ವಿದ್ಯುಚ್ಛಕ್ತಿ ಮಂಡಲಿಯೇ ಈ ಕಾರ್ಯವನ್ನು ಕೈಗೊಂಡಿತು. ಕೇಂದ್ರ ಸರ್ಕಾರದಿಂದ ಸುಮಾರು 11 ಕೋಟಿ ಡಾಲರುಗಳ ನೆರವು ಪಡೆದು, 2010ರಲ್ಲಿ ಸೆಕೆಂಡಿಗೆ ಒಂದು ಗಿಗಾಬಿಟ್ ವೇಗದ ಸಂಪರ್ಕವನ್ನು ನೀಡತೊಡಗಿತು. ಅದೇ ತಂತುಗಳು ವಿದ್ಯುತ್ ಜಾಲದ ಸ್ವಯಂಚಾಲಿತ ಸ್ವಿಚ್ಚುಗಳಿಗೂ ಸುದ್ದಿ ಮುಟ್ಟಿಸುತ್ತವೆ. ಆದ್ದರಿಂದ ಮರ ಬಿದ್ದು ವಿದ್ಯುತ್ ತಂತಿ ಕಡಿದಾಗ, ಕತ್ತಲೆಯನ್ನು ಕೆಲವೇ ಮನೆಗಳಿಗೆ ಸೀಮಿತಗೊಳಿಸಲು ಸಾಧ್ಯವಾಗಿದೆ.

ಎಲ್ಲೆಡೆಯೂ ಹೀಗಾಗಲಿಲ್ಲ. ಯೂಟಾ ರಾಜ್ಯದ ಪ್ರೋವೊ ನಗರವು ಸಾಲಮಾಡಿ ಕಟ್ಟಿದ ಜಾಲವನ್ನು 2013ರಲ್ಲಿ ಗೂಗಲ್ ಕಂಪನಿಗೆ ಒಂದೇ ಡಾಲರಿಗೆ ಮಾರಿತು. ಜಾಲ ಕೈಬಿಟ್ಟರೂ ಸಾಲ ಮಾತ್ರ ನಾಗರಿಕರ ತಲೆಯ ಮೇಲೆಯೇ ಉಳಿಯಿತು.

ಇವೆರಡರ ನಡುವೆ ಮಧ್ಯಮಮಾರ್ಗವೊಂದುಂಟು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರವು 1994ರಲ್ಲಿ ಸ್ಥಾಪಿಸಿದ ಸ್ಟೊಕಾಬ್ ಸಂಸ್ಥೆಯು ತಂತುಗಳನ್ನು ಮಾತ್ರ ಹಾಸಿ, ಬೇಡಿದ ಕಂಪನಿಗಳಿಗೆಲ್ಲ ಬಾಡಿಗೆಗೆ ಕೊಡುತ್ತದೆ. ಸೇವೆಯ ಪೈಪೋಟಿ ಆ ಕಂಪನಿಗಳದು. ದಾರಿ ಊರಿನದು, ಬಂಡಿಗಳು ಹಲವರವು! ಹಾಸಿಗೆಯಿದ್ದಷ್ಟು ಕಾಲು ಚಾಚಬೇಕಾದ ನಗರಗಳಿಗೆ ಈ ಕ್ರಮವೇ ಕ್ಷೇಮವೆಂದು ನಮಗೆ ತೋರುತ್ತದೆ.